ಬಾಲದ ಬೈರಿಗೆಯ ಐಬು

ಗದಗ-ಬೆಟಗೇರಿ
2149ನೆಯ ಇಸವಿ, ಫೆಬ್ರವರಿ ಮೂವತ್ತು

ಹಳೆಯ ಡ್ರಿಲ್ ಮಷೀನಿನ ಮುಂದೆ ನಿಂತು ಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ತಿಂಗಳುಗಳನ್ನು ಸರಿಮಾಡಿದಾಗ ಫೆಬ್ರವರಿಗೂ ಮೂವತ್ತನೆಯ ದಿನ ಸಿಕ್ಕಿದೆ, ನಮಗೆ ಅದು ರೂಢಿಯಾಗಿದೆ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಇಲ್ಲಿ ಅರವತ್ತು ದಾಟಿದ ಪ್ರತಿಯೊಬ್ಬರಿಗೂ ಒಂದು ಹಿನ್ನಂಚೆ ಸಿಗುತ್ತದೆ, ಅಂದರೆ ಹಿಂದಿನ ಕಾಲಕ್ಕೆ ಒಂದೇ ಒಂದು ಕಾಗದ ಬರೆಯುವ ಹಕ್ಕು. ಯಾರಿಗೆಂದು ಹೆಸರು, ವಿಳಾಸ ಹಾಕುವಂತಿಲ್ಲ. ಯಾವ ಯೋಚನೆಯಲ್ಲಿ ಇರುವವರಿಗೆ ತಲುಪಬೇಕು ಎಂದಷ್ಟೇ ಬರೆಯಬೇಕು. ಹೆಚ್ಚಿನವರು ನದಿ, ಕಾಡು, ಸಮುದ್ರಗಳ ಬಗ್ಗೆ ನಿಮಗೆ ಬುದ್ಧಿ ಹೇಳಿ ಕಳಿಸುತ್ತಾರೆ. ಅವನ್ನೆಲ್ಲ ಓದಿ ನಿಮಗೆ ಸಾಕುಸಾಕಾಗಿರಬಹುದು. ನಾನು ಮೋನವ್ವ ಬಡಿಗೇರ, ಮಗ್ಗ ಮಾಡುವವಳು. ನನಗೆ ಗೊತ್ತಿರುವುದು ಕಟ್ಟಿಗೆ ಮತ್ತು ತೂತು. ಹಾಗಾಗಿ ನನ್ನ ಪಾಲಿನ ಒಂದೇ ಕಾಗದವನ್ನು ಒಂದು ಬೈರಿಗೆಯ, ಅಂದರೆ ನೀವು ಡ್ರಿಲ್ ಎನ್ನುವುದರ ಸಲುವಾಗಿ ಖರ್ಚು ಮಾಡುತ್ತಿದ್ದೇನೆ. ಟಪಾಲು ಕಚೇರಿಯವನು ವಿಷಯ ಓದಿ ನನ್ನ ಮುಖವನ್ನೇ ನೋಡಿದ. ನೋಡಿಕೊಳ್ಳಲಿ.

ನಮ್ಮ ಕಾಲದ ಬೈರಿಗೆಗಳು ಬಾಡಿಗೆಯವು. ಒಳಗೆ ಬ್ಯಾಟರಿ ಇರುತ್ತದೆ, ವೈರು ಇರುವುದಿಲ್ಲ. ಹಿಡಿದ ಕೈ ಯಾರದು ಎಂದು ಅವು ಗುರುತಿಸುತ್ತವೆ. ನಿಮ್ಮ ಕಾಲದವನ್ನು ನಾವು ಬಾಲದ ಬೈರಿಗೆ ಎನ್ನುತ್ತೇವೆ, ಹಿಂದೆ ವೈರು ಜೋತಾಡುತ್ತದಲ್ಲ, ಅದಕ್ಕೆ. ಅವನ್ನು ಈಗ ಯಾರೂ ಕೇಳುವುದಿಲ್ಲ. ನಮ್ಮ ಮನೆಗಳಿಗೆ ಕರೆಂಟು ಬರುವುದು ಕಪ್ಪತಗುಡ್ಡದ ಗಾಳಿಯಂತ್ರಗಳಿಂದ. ಗಾಳಿ ನಿಂತರೆ ಬಾಲದ ಬೈರಿಗೆಯೂ ನಿಲ್ಲುತ್ತದೆ. ನಾನು ಮೂವತ್ತೈದು ವರ್ಷ ಬಾಡಿಗೆಯದರಲ್ಲೇ ದುಡಿದೆ, ದೂರು ಹೇಳಲಾರೆ. ಆದರೆ ಅರವತ್ತು ತುಂಬಿದ ಕೈಗೆ ಅವು ತಿರುಗುವುದಿಲ್ಲ. ಪೆಟ್ಟಾದೀತು ಎಂಬ ಕಾಳಜಿಯಂತೆ. ಕಳೆದ ಶ್ರಾವಣದಲ್ಲಿ ನನ್ನ ಹುಟ್ಟಿದ ದಿನ ಬೆಳಿಗ್ಗೆ, ಜಾಲಿಯ ದಿಮ್ಮಿಯಲ್ಲಿ ಅರ್ಧ ತೂತು ಇಳಿದಿದ್ದಾಗ ನನ್ನ ಬೈರಿಗೆ ಕೆಂಪು ದೀಪ ತೋರಿಸಿ ಸುಮ್ಮನಾಯಿತು. ಎಷ್ಟು ಬೈದರೂ ಅಲುಗಲಿಲ್ಲ. ಬೆಟಗೇರಿಯಲ್ಲಿ ಸೀರೆ ನೇಯುವ ತುಳಜಾಬಾಯಿ ಕಬಾಡಿಗೆ ನಾಲ್ಕು ಮಗ್ಗ ಮಾಡಿಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಒಂದೊಂದು ಚೌಕಟ್ಟಿಗೆ ಅರವತ್ತೆರಡು ತೂತು. ಕೈಬೈರಿಗೆಯಿಂದ ತಿರುವಲು ನನ್ನ ಮಣಿಕಟ್ಟು ಕೇಳುವುದಿಲ್ಲ. ನನ್ನದೇ ಆದ ಒಂದು ಬೈರಿಗೆ ಸಿಗದಿದ್ದರೆ ಕೆಲಸದ ಛಪ್ಪರ ಬಿಚ್ಚಿ ಮನೆಯಲ್ಲಿ ಕೂರಬೇಕಾಗಿತ್ತು. ಕೂರುವುದು ನನ್ನಿಂದ ಆಗದ ಮಾತು. ಆ ವಾರವೆಲ್ಲ ನನಗೆ ಹೆದರಿಕೆಯಾಗಿತ್ತು.

ಪ್ರತಿ ಸೋಮವಾರ ಹಳೇ ಸಾಮಾನಿನ ಸಂತೆ ಕೂಡುತ್ತದೆ. ಅಲ್ಲಿ ಒಂದು ಪದ್ಧತಿ ಇದೆ, ನಿಮ್ಮಲ್ಲಿ ಇರಲಿಕ್ಕಿಲ್ಲ. ಮಾರುವವನು ತನ್ನ ಸಾಮಾನಿನ ಒಂದು ಐಬನ್ನು, ಅಂದರೆ ಕುಂದನ್ನು, ಬಾಯಿಬಿಟ್ಟು ಹೇಳಬೇಕು. ಕೊಳ್ಳುವವನು ಅದನ್ನೇ ತನ್ನ ಬಾಯಿಂದ ತಿರುಗಿ ಹೇಳಬೇಕು. ಅಲ್ಲಿಗೆ ವ್ಯಾಪಾರ ಮುಗಿಯಿತು, ಆಮೇಲೆ ತಕರಾರಿಲ್ಲ. ಇದನ್ನು ಐಬುಮಾತು ಎನ್ನುತ್ತೇವೆ. ಐಬುಮಾತು ಇಲ್ಲದೆ ಒಂದು ಸೌಟನ್ನೂ ಮಾರುವಂತಿಲ್ಲ. ಕಾಲು ಅಲುಗುವ ಕುರ್ಚಿ, ಮಳೆಗಾಲದಲ್ಲಿ ಕೆಮ್ಮುವ ರೇಡಿಯೊ, ಹೀಗೆ ಜನ ಸಂತೋಷದಿಂದಲೇ ಐಬು ಹೇಳಿಕೊಳ್ಳುತ್ತಾರೆ, ಕೇಳುವವರೂ ನಗುತ್ತ ಒಪ್ಪಿಕೊಳ್ಳುತ್ತಾರೆ. ಆ ಸೋಮವಾರ ಹುಸೇನಸಾಬ ನದಾಫ ಎಂಬ ಮುದುಕರು ಗೋಣಿತಟ್ಟಿನ ಮೇಲೆ ಒಂದು ಬಾಲದ ಬೈರಿಗೆ ಇಟ್ಟುಕೊಂಡು ಕೂತಿದ್ದರು. ತೀರಿಹೋದ ಹೆಂಡತಿ ರಮಜಾನಬಿಯದು. ಆಕೆ ಊರಿಗೆಲ್ಲ ಕಿಟಕಿ ಕೂರಿಸುತ್ತಿದ್ದವಳು, ನಲವತ್ತು ವರ್ಷ ಇದನ್ನೇ ಹಿಡಿದಿದ್ದಳಂತೆ.

ನಾನು ವೈರನ್ನು ತುದಿಯಿಂದ ತುದಿಗೆ ಬೆರಳಲ್ಲಿ ಸವರಿಕೊಂಡು ಬಂದೆ. ಎಲ್ಲೂ ಸೀಳಿರಲಿಲ್ಲ, ಮಡಿಕೆ ಬಿದ್ದ ಕಡೆಯೂ ಮೆತ್ತಗಾಗಿರಲಿಲ್ಲ. ಸಂತೆಯ ಕಂಬದ ಪ್ಲಗ್ಗಿಗೆ ಚುಚ್ಚಿ ಚಾಲೂ ಮಾಡಿದೆ. ಗಾಳಿಕಿಂಡಿಯಲ್ಲಿ ಕಿಡಿ ಅತಿಯಾಗಿ ಹಾರಲಿಲ್ಲ, ಕಾರ್ಬನ್ ಬ್ರಷ್ಷು ಹೊಸವೇ ಇದ್ದವು. ಮೂಗಿಗೆ ಹಿಡಿದರೆ ಸುಟ್ಟ ವಾಸನೆ ಇಲ್ಲ. ಅದರ ಬಾಯಿಗೆ ಒಂದು ಮೊಳೆ ಕಚ್ಚಿಸಿ ತಿರುಗಿಸಿದರೆ ತುದಿ ಓಲಾಡಲಿಲ್ಲ. ನೀವೂ ಹೀಗೆಯೇ ನೋಡಿರಿ, ಇದರಲ್ಲಿ ನೂರು ವರ್ಷದಿಂದ ಬದಲಾದದ್ದೇನೂ ಇಲ್ಲ. ಎಲ್ಲ ನೋಡಿ ಐಬುಮಾತು ಕೇಳಿದೆ. ಹುಸೇನಸಾಬರು ತಲೆ ತಗ್ಗಿಸಿದರು. ಮತ್ತೆ ಕೇಳಿದೆ, ಏನೂ ಇಲ್ಲ ಎಂದರು. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಐಬಿಲ್ಲದ ಸಾಮಾನನ್ನು ನಮ್ಮ ಸಂತೆಯಲ್ಲಿ ಯಾರೂ ನಂಬುವುದಿಲ್ಲ. ಹೇಳಲಾಗದಂಥದ್ದು ಏನೋ ಇದೆ ಎಂದೇ ಅರ್ಥ. ನನಗೂ ಹಾಗೆಯೇ ಅನಿಸಿತು. ಕೈಗೆ ಬಂದ ಬೈರಿಗೆಯನ್ನು ಅಲ್ಲೇ ಇಟ್ಟು ಬಂದೆ.

ವಾರವಿಡೀ ಅದೇ ಯೋಚನೆ. ಶಾಕ್ ಹೊಡೆದು ಯಾರಾದರೂ ಸತ್ತಿರಬಹುದೆ? ಕದ್ದ ಮಾಲಿರಬಹುದೆ? ಎರಡನೆಯ ಸೋಮವಾರವೂ ಹೋದೆ, ಅವರೂ ಬಂದಿದ್ದರು, ಪ್ರಶ್ನೆಯೂ ಅದೇ, ಏನೂ ಇಲ್ಲ ಎಂಬ ಉತ್ತರವೂ ಅದೇ. ತುಳಜಾಬಾಯಿ ನನ್ನ ಛಪ್ಪರಕ್ಕೆ ಬಂದು ಅರೆಬರೆ ಚೌಕಟ್ಟುಗಳನ್ನು ನೋಡಿದಳು. ದಸರೆಗೆ ಸೀರೆ ನೇಯಬೇಕು, ನೀನು ಮಾಡದಿದ್ದರೆ ಬೇರೆಯವರನ್ನು ಹುಡುಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡ ಎಂದಳು. ಮಾಡಿಕೊಂಡೆ.

ಮೂರನೆಯ ಸೋಮವಾರ ನಾನು ನಿಂತು ಕೇಳಲಿಲ್ಲ. ಗೋಣಿತಟ್ಟಿನ ಅಂಚಿಗೆ ಕೂತೆ. ನನ್ನ ಕೈ ತೋರಿಸಿ, ಬಾಡಿಗೆ ಬೈರಿಗೆ ನಿಂತದ್ದು, ಮಗ್ಗ ಅರ್ಧಕ್ಕೆ ಉಳಿದದ್ದು ಎಲ್ಲ ಹೇಳಿಕೊಂಡೆ. ಅದರಲ್ಲಿ ಯಾರದಾದರೂ ಜೀವ ಹೋಗಿದ್ದರೂ ಹೇಳಿಬಿಡಿ, ತಿಳಿದುಕೊಂಡೇ ಕೊಳ್ಳುತ್ತೇನೆ ಎಂದೆ. ಅವರು ಗಾಬರಿಯಾಗಿ ಹಾಗೇನಿಲ್ಲವೆಂದು ಕೈ ಆಡಿಸಿದರು. ಬಹಳ ಹೊತ್ತು ವೈರನ್ನು ಸುತ್ತಿ ಬಿಚ್ಚಿ ಮಾಡಿದರು. ಆಮೇಲೆ ಹೇಳಿದರು:

"ಅರ್ಧ ತಾಸು ಓಡಿತಂದ್ರ ಕಾಯತೈತಿ, ತಂಗಿ. ಕೆಳಗ ಇಟ್ಟು ಆರಾಕ ಬಿಡಬೇಕು. ಅಷ್ಟೊತ್ತೂ ಆಕಿ ಬಂದು ನನ್ನ ಬಾಜೂಕ ಚಾ ಕುಡೀತಿದ್ಲು. ನಲವತ್ತು ವರ್ಷ. ಅದನ್ನ ಐಬು ಅಂತ ನಾ ಯಾವ ಬಾಯಿಲೆ ಹೇಳ್ಲಿ?"

ನನಗೆ ನಾಚಿಕೆಯಾಯಿತು. ಎರಡು ವಾರ ನಾನು ಆ ಮನುಷ್ಯನನ್ನು ಕಳ್ಳನೆಂದು, ಕೊಲೆಗಾರನೆಂದು ಏನೇನೋ ಅಂದುಕೊಂಡಿದ್ದೆ. ಪದ್ಧತಿಯಂತೆ ಈಗ ಆ ಮಾತನ್ನು ನಾನು ತಿರುಗಿ ಹೇಳಬೇಕಿತ್ತು. ಅರ್ಧ ತಾಸಿಗೆ ಕಾಯುತ್ತದೆ ಎಂಬಲ್ಲಿಯವರೆಗೆ ಹೇಳಿದೆ. ಉಳಿದದ್ದು ನನ್ನ ಬಾಯಿಂದ ಬರಲಿಲ್ಲ. ಸುತ್ತ ಇದ್ದವರು ಅಷ್ಟು ಸಾಕು ಎಂದರು, ಬೈರಿಗೆ ನನ್ನದಾಯಿತು.

ನಾಲ್ಕೂ ಮಗ್ಗ ಮುಗಿದವು. ದಸರೆಗೆ ಎರಡು ದಿನ ಮೊದಲೇ ತುಳಜಾಬಾಯಿ ಬಂದು ಒಯ್ದಳು, ಮುಂದಿನ ವರ್ಷಕ್ಕೆ ಇನ್ನೆರಡು ಹೇಳಿದಳು. ಗಾಳಿ ಬೀಸುವ ಹೊತ್ತಿಗೆ ನಾನು ಕೆಲಸಕ್ಕೆ ನಿಲ್ಲುತ್ತೇನೆ. ಅರ್ಧ ತಾಸಿಗೆ ಹಿಡಿಕೆ ಕಾಯುತ್ತದೆ, ಕೆಳಗಿಡುತ್ತೇನೆ. ನಿಜ ಹೇಳಬೇಕೆಂದರೆ ಅಷ್ಟೊತ್ತಿಗೆ ನನ್ನ ಮಣಿಕಟ್ಟೂ ಸಾಕು ಎನ್ನುತ್ತಿರುತ್ತದೆ. ಹುಸೇನಸಾಬರ ಮನೆ ಎರಡು ಓಣಿ ಆಚೆಗಿದೆ. ಬೈರಿಗೆಯ ಸದ್ದು ಅಲ್ಲಿಗೂ ಕೇಳುತ್ತದಂತೆ. ಸದ್ದು ನಿಂತ ಸ್ವಲ್ಪ ಹೊತ್ತಿಗೆ ಒಂದೊಂದು ದಿನ ಅವರು ಬೇಲಿಯ ಹತ್ತಿರ ಬಂದು ನಿಲ್ಲುತ್ತಾರೆ. ನಾನು ಚಹಾ ಇಡುತ್ತೇನೆ. ಹೆಚ್ಚು ಮಾತಿಲ್ಲ, ಸಕ್ಕರೆ ಕಡಿಮೆಯಾಯಿತೆಂದು ಮಾತ್ರ ತಪ್ಪದೆ ಹೇಳುತ್ತಾರೆ. ನಾನು ಸುಖವಾಗಿದ್ದೇನೆ.

ಈ ಬೈರಿಗೆ ತಯಾರಾದದ್ದು ನಿಮ್ಮ ಕಾಲದಲ್ಲಿ. ಆಮೇಲೆ ಮೂರು ಸಲ ವೈರು ಬದಲಾಗಿದೆ, ಎರಡು ಸಲ ಮೋಟಾರು ಸುತ್ತಿಸಿದ್ದಾರೆ, ಕಾಯುವ ಗುಣ ಮಾತ್ರ ಹುಟ್ಟಿನಿಂದಲೇ ಇದೆಯೆಂದು ಹುಸೇನಸಾಬರು ಹೇಳುತ್ತಾರೆ. ಅದು ಈಗ ನಿಮ್ಮ ಮುಂದೆಯೇ ಯಾವುದೋ ಅಂಗಡಿಯಲ್ಲಿ ಇರಬಹುದು. ಕೊಳ್ಳಿರಿ. ಬಾಳಿಕೆ ಬರುತ್ತದೆ, ಅದಕ್ಕೆ ನಾನೇ ಸಾಕ್ಷಿ. ಕೊಂಡ ವಾರದಲ್ಲೇ ಅದು ಕಾಯುವುದು ನಿಮಗೆ ಗೊತ್ತಾಗುತ್ತದೆ, ಯಾರಾದರೂ ಜಾಣ ಮೆಕ್ಯಾನಿಕ್ಕು ಸಿಕ್ಕು ಒಂದು ಗಂಟೆಯಲ್ಲಿ ಸರಿಮಾಡಿಕೊಡುತ್ತೇನೆ ಎನ್ನುತ್ತಾನೆ. ದಯವಿಟ್ಟು ಬೇಡ ಎನ್ನಿ. ಹುಸೇನಸಾಬರ ರಮಜಾನಬಿ ಇನ್ನೂ ಹುಟ್ಟಬೇಕಾಗಿದೆ.

ಇತಿ,
ಮೋನವ್ವ ಬಡಿಗೇರ