ನೀವಿಲ್ಲದ ತಿಂಗಳ ಉಳಿತಾಯ

ಭಾನುವಾರ, ಮಧ್ಯಾಹ್ನ
ಅತ್ತೆ ಮಲಗಿರುವ ಹೊತ್ತು

ರೀ,

ಕಾಗದದಲ್ಲಿ ಗಂಡನನ್ನು ಹೀಗೆ ಕರೆಯಬಹುದೋ ಇಲ್ಲವೋ ನನಗೆ ತಿಳಿಯದು. ‘ಪ್ರಿಯ’ ಎಂದು ಬರೆದು ನೋಡಿದೆ. ಬೇರೆ ಯಾರದೋ ಗಂಡನಿಗೆ ಬರೆದಂತೆ ಕಂಡು ಹೊಡೆದುಹಾಕಿದೆ. ‘ಮಾನ್ಯರೇ’ ಎಂದರೆ ನೀರಿನ ಬಿಲ್ಲಿನ ಕಚೇರಿಗೆ ಬರೆದಂತಾಗುತ್ತದೆ. ಆದ್ದರಿಂದ ಇಷ್ಟು ವರ್ಷ ಅಡುಗೆಮನೆಯಿಂದ ಏನು ಕೂಗುತ್ತಿದ್ದೆನೋ ಅದನ್ನೇ ಬರೆದಿದ್ದೇನೆ.

ನಾನು, ಅತ್ತೆ ಇಬ್ಬರೂ ಚೆನ್ನಾಗಿದ್ದೇವೆ. ಹೀಗೆ ಬರೆದ ಮೇಲೆ ಹೆದರಿಕೆಯಾಯಿತು. ‘ನಾನಿಲ್ಲದೆಯೂ ಚೆನ್ನಾಗಿದ್ದಾರೆ’ ಎಂದು ನೀವು ಲೆಕ್ಕ ಹಿಡಿದುಬಿಟ್ಟರೆ? ಅದಕ್ಕೇ ತಿದ್ದುತ್ತಿದ್ದೇನೆ. ಅತ್ತೆಗೆ ಮಂಡಿನೋವು, ನನಗೆ ನಿದ್ದೆ ಇಲ್ಲ, ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿದೆ.

ನೀವು ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆಂಚಿನ ಮೇಲೆ ಮಲಗುತ್ತಿದ್ದೀರಲ್ಲ, ಅದರ ಮೇಲಿನ ಹಲಗೆಯಲ್ಲಿ ತೂಕದ ಕಲ್ಲುಗಳಿವೆ. ಆ ಹಲಗೆಯ ಎಡಗಡೆಯ ಮೊಳೆ ಸಡಿಲ. ತಲೆಯನ್ನು ಬಾಗಿಲ ಕಡೆಗೆ ಹಾಕಿ ಮಲಗಿ. ಬಾಗಿಲ ಕಡೆ ಮಲಗಿದರೆ ಗಾಳಿ ಹೊಡೆಯುತ್ತದೆ, ಕಿವಿಗೆ ಬಟ್ಟೆ ಸುತ್ತಿಕೊಳ್ಳಿ. ಕಿವಿಗೆ ಬಟ್ಟೆ ಸುತ್ತಿಕೊಂಡರೆ ಕಳ್ಳ ಬಂದದ್ದು ಕೇಳಿಸುವುದಿಲ್ಲ. ಏನು ಮಾಡುವುದೋ ನನಗೂ ತೋಚುತ್ತಿಲ್ಲ.

ಲೆಕ್ಕ ಒಪ್ಪಿಸುವುದಕ್ಕೆ ಮೊದಲು ಜಗಳ ಹೇಗಾಯಿತು ಎನ್ನುವುದನ್ನು ನನ್ನ ಕಡೆಯಿಂದಲೂ ಹೇಳಿಬಿಡುತ್ತೇನೆ. ನಿಮಗೆ ಬೇರೆ ಥರ ನೆನಪಿರಬಹುದು.

ನಿಮ್ಮ ತಕ್ಕಡಿ ರಿಪೇರಿ ಅಂಗಡಿಗೆ ಬಂದ ಗಿರಾಕಿ ಯಾರೋ ಒಬ್ಬ, ಯಾವ ಮನೆಯಲ್ಲಾದರೂ ದಿನಸಿ, ಸೋಪು, ಪೇಸ್ಟಿನಲ್ಲಿ ಕಾಲುಭಾಗ ಉಳಿಸಬಹುದು, ಮನೆಯವರಿಗೆ ಗೊತ್ತೂ ಆಗುವುದಿಲ್ಲ ಎಂದನಂತೆ. ಅವನ ಬಾಯಿಗೆ ಅವನ ಸೋಪೇ ಬೀಳಲಿ. ಅವತ್ತು ಸಂಜೆಯೇ ನೀವು ಮುಳ್ಳಿನ ತಕ್ಕಡಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದಿರಿ. ಸಕ್ಕರೆ ಡಬ್ಬ ತೂಗಿದಿರಿ, ಎಣ್ಣೆ ಬಾಟಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿರಿ. ಕೊನೆಗೆ ಮಂಚದ ಕೆಳಗೆ ಬಗ್ಗಿ ನೋಡಿದಿರಿ. ಅಲ್ಲಿ ನಾನು ಕೂಡಿಟ್ಟ ಸೋಪು, ಪೇಸ್ಟು, ಉಪ್ಪಿನ ಪೊಟ್ಟಣ ಎಲ್ಲ ಕಂಡು, “ಇದು ಮನೆಯಾ, ಗೋಡೌನಾ?” ಎಂದಿರಿ.

ನನಗೆ ಸಾಮಾನು ಮುಗಿಯುವುದೆಂದರೆ ಭಯ. ಉಪ್ಪಿನ ಡಬ್ಬದ ತಳ ಕಂಡರೆ ಆ ಹೊತ್ತಿಗೇ ಚೀಲ ಹಿಡಿದು ದಿನಸಿ ಅಂಗಡಿಗೆ ಓಡುತ್ತೇನೆ. ಚಿಕ್ಕಂದಿನಲ್ಲಿ ಅಮ್ಮ ಬಟ್ಟಲು ಕೊಟ್ಟು ಪಕ್ಕದ ಮನೆಗೆ ಸಕ್ಕರೆ ಕೇಳಲು ಕಳಿಸುತ್ತಿದ್ದುದು ನನ್ನನ್ನೇ. ಆ ಮನೆಯಾಕೆ ಬಾಗಿಲು ತೆರೆಯುವ ಮುಂಚೆ ಕಿಟಕಿಯಿಂದ ಬಟ್ಟಲು ನೋಡುತ್ತಿದ್ದಳು. ಇದನ್ನು ನಿಮಗೆ ಯಾವತ್ತೂ ಹೇಳಿರಲಿಲ್ಲ. ಅವತ್ತಾದರೂ ಹೇಳಬಹುದಾಗಿತ್ತು. ಅದರ ಬದಲು ನನ್ನ ಬಾಯಿಂದ ಬಂದದ್ದೇ ಬೇರೆ: “ಈ ಮನೇಲಿ ಜಾಸ್ತಿ ತಿನ್ನೋರು ಯಾರು? ಜಾಸ್ತಿ ಉಜ್ಜಿಕೊಳ್ಳೋರು ಯಾರು? ನೀವೊಬ್ಬರು ಇಲ್ದಿದ್ರೆ ಅರ್ಧಕ್ಕರ್ಧ ಉಳಿಯುತ್ತೆ!”

ಬೇರೆ ಗಂಡಸರಾಗಿದ್ದರೆ ತಟ್ಟೆ ಎಸೆಯುತ್ತಿದ್ದರು. ನಾನೂ ಒಂದು ತಟ್ಟೆ ಎಸೆದು ಸಮ ಮಾಡುತ್ತಿದ್ದೆ. ನೀವು ಕನ್ನಡಕ ಒರೆಸಿಕೊಂಡು, “ಹಾಗಾದ್ರೆ ಅಳೆದೇ ನೋಡೋಣ” ಎಂದಿರಿ. ಒಂದು ತಿಂಗಳು ನೀವು ಅಂಗಡಿಯಲ್ಲಿರುವುದು. ಪ್ರತಿ ಭಾನುವಾರ ನಾನು ಎಲ್ಲವನ್ನೂ ತೂಗುವುದು. ಎದುರು ಮನೆಯ ಟೈಲರಮ್ಮ ಸಾಕ್ಷಿ. ಫೋನಿನಲ್ಲಿ ಹೇಳುವಂತಿಲ್ಲ, ಬರೆದೇ ಕಳಿಸಬೇಕು. “ನೀನು ಹೇಳಿದ ಹಾಗೆ ಅರ್ಧ ಉಳಿದ್ರೆ ನಾನು ಅಲ್ಲೇ ಇದ್ದುಬಿಡ್ತೀನಿ, ನಿಂಗೂ ಹಗುರ. ಮುಳ್ಳು ಏನು ಹೇಳುತ್ತೋ ಅದೇ ಮಾತು.” ಇಷ್ಟು ಹೇಳಿ ಹಾಸಿಗೆ ಸುತ್ತಿಕೊಂಡು ಹೊರಟೇಬಿಟ್ಟಿರಿ. ನಿಮ್ಮ ಮಾತೆಂದರೆ ಮಾತು ಎನ್ನುವುದು ನನಗೆ ಗೊತ್ತು. ಅದಕ್ಕೇ ಅವತ್ತಿನಿಂದ ಆ ಮುಳ್ಳು ಕಾಣದಂತೆ ಮೇಲೆ ಬಟ್ಟೆ ಮುಚ್ಚಿಡುತ್ತಿದ್ದೇನೆ.

ಇನ್ನು ಲೆಕ್ಕ. ಶೇಕಡಾ ಇಷ್ಟು ಎಂದು ಬರೆ ಎಂದಿದ್ದಿರಿ. ನನಗೆ ಕೂಡುವುದು, ಕಳೆಯುವುದು ಬರುತ್ತದೆ. ಗುಣಾಕಾರದ ನಡುವೆ ಶಾಲೆ ಬಿಡಿಸಿದರು. ತಮ್ಮ ಹುಟ್ಟಿದ್ದ, ಅವನನ್ನು ನೋಡಿಕೊಳ್ಳಲು ಜನ ಬೇಕಿತ್ತು. ಶೇಕಡಾ ಎನ್ನುವುದು ಅದರಾಚೆಯ ತರಗತಿಯಲ್ಲಿ ಇರಬೇಕು. ನನಗೆ ಬರುವಷ್ಟರಲ್ಲಿ ಹೇಳುತ್ತೇನೆ.

ಮೊದಲನೇ ಭಾನುವಾರ ಟೈಲರಮ್ಮ ಕೊರಳಿನ ಟೇಪನ್ನೂ ತೆಗೆಯದೆ ಬಂದಳು. ಸಕ್ಕರೆ ಡಬ್ಬ ತಟ್ಟೆಯ ಮೇಲಿಟ್ಟೆವು. ಎಷ್ಟು ಉಳಿದಿತ್ತೆಂದು ನಾನು ಬರೆಯುವುದಿಲ್ಲ. ಟೈಲರಮ್ಮ ಮಾತ್ರ ಕಣ್ಣು ಅಗಲಿಸಿ, “ಅಬ್ಬಬ್ಬಾ! ಗಂಡ ಅಂದ್ರೆ ಇಷ್ಟು ಸಕ್ಕರೆನೇನೇ? ನಮ್ಮವರನ್ನೂ ಅಲ್ಲಿಗೇ ಕಳಿಸಿಬಿಡ್ಲಾ? ಬೆಂಚು ಉದ್ದ ಇದೆಯಾ?” ಎಂದಳು. ಪೇಸ್ಟಿನ ಟ್ಯೂಬನ್ನು ಟೇಪಿನಲ್ಲಿ ಅಳೆದು, ಸೊಂಟ ಇನ್ನೂ ಸಣ್ಣಗಾಗಿಲ್ಲ ಎಂದಳು. ಮರುದಿನ ಬೀದಿಯ ಮೂರು ಜನ ಹೆಂಗಸರು ಬಂದು, ಇದನ್ನು ಶುರು ಮಾಡುವುದು ಹೇಗೆ, ಗಂಡಂದಿರಿಗೆ ಮೊದಲೇ ಹೇಳಬೇಕಾ ಎಂದೆಲ್ಲ ವಿಚಾರಿಸಿದರು. ತೂಕ ಇನ್ನೂ ಮುಗಿದಿಲ್ಲ ಎಂದು ಹೇಳಿ ಕಳಿಸಿಬಿಟ್ಟೆ. ಒಬ್ಬಳ ಗಂಡ ನಿಮ್ಮ ಅಂಗಡಿಯ ಮುಂದೆಯೇ ಬಸ್ ಇಳಿಯುತ್ತಾನೆ. ಅವನು ನಿಮಗೆ ಏನಾದರೂ ಹೇಳಿದ್ದರೆ ನಂಬಬೇಡಿ. ಅವನು ಕಡ್ಡಿಯನ್ನು ಗುಡ್ಡ ಮಾಡುವವನು.

ಎರಡನೇ ವಾರ ಸಕ್ಕರೆ ಸರಿಹೋಯಿತು. ಅಂದರೆ ಖಾಲಿಯಾಯಿತು. ಇರುವೆ ಬಂದಿದ್ದವು. “ಯಾವ ಇರುವೆನೇ ಅದು, ಎಮ್ಮೆ ಗಾತ್ರದ್ದಾ?” ಎಂದು ಟೈಲರಮ್ಮ ಕೇಳಿದಳು. ತುಂಬಾ ಜನ ಬಂದಿದ್ದರು ಎಂದೆ. ಇರುವೆಗಳನ್ನು ಜನ ಎಂದದ್ದಕ್ಕೆ ಅವಳು ನನ್ನ ಮುಖವನ್ನೇ ನೋಡಿದಳು.

ಚಹಾಪುಡಿಯೂ ಹಾಗೆಯೇ. ಸಂಜೆ ಕೈ ತಾನಾಗಿ ನಿಮ್ಮ ಲೋಟಕ್ಕೂ ಸೇರಿಸಿ ಹಾಕುತ್ತದೆ. ಮಾಡಿದ ಚಹಾ ಚೆಲ್ಲಲು ಮನಸ್ಸು ಬರುವುದಿಲ್ಲ, ಅದನ್ನೂ ನಾನೇ ಕುಡಿಯುತ್ತೇನೆ. ನಿದ್ದೆ ಇಲ್ಲ ಎಂದೆನಲ್ಲ, ಅದರಿಂದಲೇ ಇರಬೇಕು. ಅಕ್ಕಿಯ ವಿಷಯದಲ್ಲಿ ನನ್ನ ಕೈವಾಡ ಏನೂ ಇಲ್ಲ. ಅತ್ತೆ ಊಟಕ್ಕೆ ಕೂತರೆ, “ಅವನ ಪಾಲು ಎಲ್ಲಿ? ಇಲ್ಲಿ ಬಡಿಸು, ನಾನೇ ತಿಂತೀನಿ. ನನ್ನ ಮಗ ತಿಂದ ಲೆಕ್ಕ ಆಗ್ಲಿ” ಎನ್ನುತ್ತಾರೆ. ಬೇಡ ಎಂದರೆ, ಮಗನ ಅನ್ನಕ್ಕೂ ಕಲ್ಲು ಹಾಕ್ತೀಯಾ ಎನ್ನುತ್ತಾರೆ. ಆಮೇಲೆ ಹೊಟ್ಟೆ ಹಿಡಿದುಕೊಂಡು ಮಲಗುತ್ತಾರೆ. ಎಣ್ಣೆ ಜಾಸ್ತಿ ಖರ್ಚಾದದ್ದು ಆ ಹೊಟ್ಟೆಗೆ ಹಚ್ಚಿ ಹಚ್ಚಿ.

ಪೇಸ್ಟಿನದು ಸ್ವಲ್ಪ ತೊಡಕಾಯಿತು. ನಿಮ್ಮ ಹಾಗೆ ಬ್ರಷ್ಷಿನ ಈ ತುದಿಯಿಂದ ಆ ತುದಿಗೆ ಹಾಕಿಕೊಂಡು ಉಜ್ಜುವವರು ಈ ಮನೆಯಲ್ಲಿಲ್ಲ. ಅತ್ತೆಗೆ ಹಲ್ಲೇ ಇಲ್ಲ. ನಾನು ಊಟವಾದ ಮೇಲೂ, ಚಹಾ ಆದ ಮೇಲೂ ಉಜ್ಜುವ ಅಭ್ಯಾಸ ಮಾಡಿಕೊಂಡೆ. ಆರೋಗ್ಯಕ್ಕೆ ಒಳ್ಳೆಯದಂತೆ. “ಪೇಸ್ಟಿಗಿಂತ ಮುಂಚೆ ನಿನ್ನ ಹಲ್ಲು ಮುಗಿಯುತ್ತೆ ಕಣೇ” ಎಂದಳು ಟೈಲರಮ್ಮ.

ಮೂರನೇ ವಾರ ಭಯಂಕರ ಸಂಗತಿಯೊಂದು ನಡೆಯಿತು. ಸ್ನಾನದ ಸೋಪು ತೂಗಿದರೆ ಹಿಂದಿನ ವಾರಕ್ಕಿಂತ ಜಾಸ್ತಿ ಬಂತು! ನಾನು ಕಣ್ಣೊರೆಸಿಕೊಂಡು ನೋಡಿದೆ. ಟೈಲರಮ್ಮ ಕೂತು ನೋಡಿದಳು, ನಿಂತು ನೋಡಿದಳು. “ನಿಮ್ಮನೆ ಸೋಪು ಬಸುರಿ ಕಣೇ” ಎಂದು ನಗುತ್ತಾ ಗೋಡೆಗೆ ಒರಗಿಬಿಟ್ಟಳು. ನನಗೆ ನಗು ಎಲ್ಲಿಂದ ಬರಬೇಕು? ಗಂಡ ಮನೆಯಲ್ಲಿಲ್ಲದಿದ್ದರೆ ಸೋಪು ಸವೆಯುವುದು ಹಾಗಿರಲಿ, ಬೆಳೆಯುತ್ತದೆ ಎಂದಾದರೆ ಇನ್ನು ನಿಮ್ಮನ್ನು ಯಾವ ಬಾಯಿಂದ ಕರೆಯುವುದು? ಅಡುಗೆಮನೆಯ ಹೊಸ್ತಿಲಲ್ಲೇ ಕೂತುಬಿಟ್ಟೆ.

ಕೊನೆಗೆ ಅತ್ತೆಯೇ ಬಾಯಿಬಿಟ್ಟರು. ಸೋಪು ಬೇಗ ಕರಗಲಿ ಎಂದು ಅವರು ಅದನ್ನು ರಾತ್ರಿಯೆಲ್ಲ ನೀರಿನ ಚೊಂಬಿನಲ್ಲಿ ನೆನೆಹಾಕಿದ್ದರಂತೆ. ಕರಗುವ ಬದಲು ಅದು ನೀರು ಕುಡಿದು ಊದಿಕೊಂಡಿತ್ತು. “ನಾನು ಸೋಪು ಖರ್ಚು ಮಾಡೋಣ ಅಂತ ಹೋದೆ, ಅದು ನನ್ನ ಮೇಲೇ ತಿರುಗಿಬಿತ್ತು” ಎಂದರು. ಖರ್ಚು ಮಾಡುವ ಮನಸ್ಸು ಅವರಿಗೆ ಯಾಕೆ ಬಂತೋ ನಾನು ಕೇಳಲಿಲ್ಲ, ಅವರೂ ನನ್ನ ಹಲ್ಲಿನ ವಿಷಯ ಕೇಳಲಿಲ್ಲ. ಸೋಪನ್ನು ಬಿಸಿಲಿಗಿಟ್ಟೆವು. ಅದು ಬಿರುಕು ಬಿಟ್ಟಿತು, ಒಂದು ಭಾಗವನ್ನು ಕಾಗೆ ಎತ್ತಿಕೊಂಡು ಹೋಯಿತು. ಉಳಿದ ಚೂರನ್ನು ತೂಗಿ ಟೈಲರಮ್ಮನ ಸಹಿ ಹಾಕಿಸಿದ್ದೇನೆ. ಕಾಗೆಯ ಪಾಲನ್ನು ಮನೆಯ ಖರ್ಚಿಗೇ ಹಾಕಿದ್ದೇನೆ, ತಪ್ಪಿದ್ದರೆ ತಿಳಿಸಿ.

ಇವತ್ತು ನಾಲ್ಕನೆಯ, ಕೊನೆಯ ತೂಕ. ಟೈಲರಮ್ಮ ಬರುವ ಮುಂಚೆ ಎಲ್ಲ ಡಬ್ಬಗಳನ್ನೂ ಸಾಲಾಗಿ ಇಡುತ್ತಿದ್ದೆ. ಅತ್ತೆ ಗೋಡೆ ಹಿಡಿದುಕೊಂಡು ಬಂದು, “ಈ ಮನೇಲಿ ಎಲ್ಲಾನೂ ತೂಗಾಯ್ತು. ನನ್ನನ್ನೊಂದು ಸಲ ತೂಗು, ನಾನೆಷ್ಟು ಖರ್ಚಾಗಿದ್ದೀನೋ ನೋಡೋಣ” ಎಂದರು. ಬೇಡಮ್ಮಾ, ಅದು ಸಕ್ಕರೆ ತೂಗುವುದು, ಎನ್ನುವಷ್ಟರಲ್ಲಿ ಒಂದು ಕಾಲು ತಟ್ಟೆಯ ಮೇಲಿಟ್ಟೇಬಿಟ್ಟರು. ಒಳಗೆ ಟಣ್ ಎಂದಿತು. ಅವರು ಬೀಳಲಿಲ್ಲ, ನಾನು ತಬ್ಬಿ ಹಿಡಿದೆ. ತಬ್ಬಿದಾಗ ಗೊತ್ತಾಯಿತು, ಅವರ ತೂಕ ಬಹಳ ಇಲ್ಲ. ಅವರೂ ನನ್ನ ಸೆರಗನ್ನು ಬಿಡಲಿಲ್ಲ. ಆಮೇಲೆ ಅವರು, “ಮುಳ್ಳು ಏನಂತು?” ಎಂದು ಕೇಳಿದರು.

ಮುಳ್ಳು ತುದಿಗೆ ಹೋಗಿ ಸಿಕ್ಕಿಕೊಂಡಿದೆ. ಖಾಲಿ ತಟ್ಟೆಯಿಟ್ಟರೂ ಪೂರ್ತಿ ಭಾರ ತೋರಿಸುತ್ತದೆ. ಟೈಲರಮ್ಮ ಬಂದು ಬಡಿದು ನೋಡಿದಳು, ಅಲ್ಲಾಡಿಸಿ ನೋಡಿದಳು, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ನಿಜ ಹೇಳೇ, ನಿಂಗೆ ಉಳಿಸೋಕೆ ಬರಲ್ವಾ, ಉಳಿಸೋಕೆ ಇಷ್ಟ ಇಲ್ವಾ?” ಎಂದು ಕೇಳಿದಳು. ನಿನ್ನ ಹೊಲಿಗೆ ನೀನು ನೋಡಿಕೊ ಎಂದು ಗದರಿಸಿ ಕಳಿಸಿದೆ. ಈಗ ಅವಳು ಮುನಿಸಿಕೊಂಡು ನನ್ನ ರವಿಕೆಯ ತೋಳನ್ನು ಬಿಗಿಯಾಗಿ ಹೊಲಿದರೆ ಎನ್ನುವ ಚಿಂತೆ ಬೇರೆ ಸೇರಿಕೊಂಡಿದೆ.

ಇಷ್ಟಾದ ಮೇಲೆ ಉತ್ತರ ಬರೆಯಲೇಬೇಕಲ್ಲ. ಬರುವಷ್ಟು ಕೂಡಿದೆ, ಬರುವಷ್ಟು ಕಳೆದೆ. ನೀವು ಇದ್ದ ತಿಂಗಳು ಎಷ್ಟು ಖರ್ಚಾಗಿತ್ತೋ ನೀವಿಲ್ಲದ ತಿಂಗಳೂ ಅಷ್ಟೇ ಖರ್ಚಾಗಿದೆ. ಉಳಿತಾಯ ಏನೂ ಇಲ್ಲ. ಹಿಡಿಯಷ್ಟೂ ಇಲ್ಲ, ಬೆರಳಿನಷ್ಟೂ ಇಲ್ಲ. ಅರ್ಧಕ್ಕರ್ಧ ಎಂದು ನಾನು ಹೇಳಿದ ಮಾತು ಪೂರ್ತಿ ತಪ್ಪು. ಅಳೆದು ನೋಡಿಯೇ ಹೇಳುತ್ತಿದ್ದೇನೆ.

ಮೊನ್ನೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೀವು ಕಂಡಿರಿ. ಬೇಕೆಂದು ಆ ಬಸ್ಸು ಹತ್ತಲಿಲ್ಲ, ಅದು ಆ ದಾರಿಯಲ್ಲಿ ಹೋಯಿತು ಅಷ್ಟೇ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಒಣ ಬ್ರೆಡ್ಡು ತಿನ್ನುತ್ತಿದ್ದಿರಿ. ಅಂಗಿಯ ಕಾಲರು ಕುತ್ತಿಗೆಯಿಂದ ದೂರ ನಿಂತಿತ್ತು. ಇಲ್ಲಿ ಏನೂ ಕಡಿಮೆಯಾಗಿಲ್ಲ, ಕಡಿಮೆಯಾಗುತ್ತಿರುವುದು ಅಲ್ಲಿ ಎನಿಸಿತು.

ಹೆಂಡತಿ ಕರೆದಳು ಎಂದು ಬರಲು ನಿಮಗೆ ಕಷ್ಟವಾಗುತ್ತದೆ, ನನಗೂ ಕರೆಯಲು ಬಾಯಿ ಬರುವುದಿಲ್ಲ. ಆದ್ದರಿಂದ ಹೀಗೆ ಮಾಡೋಣ. ನಮ್ಮ ಮನೆಯ ತಕ್ಕಡಿ ಕೆಟ್ಟಿದೆ. ಊರಿನಲ್ಲಿ ಒಳ್ಳೆಯ ರಿಪೇರಿಯವರು ನೀವೊಬ್ಬರೇ. ಗಿರಾಕಿ ಕರೆದಿದ್ದಾರೆ ಎಂದುಕೊಂಡು ಬನ್ನಿ. ತಕ್ಕಡಿಯನ್ನು ಅಂಗಡಿಗೆ ಕಳಿಸು ಎಂದು ಹೇಳಬೇಡಿ, ಅದನ್ನು ಹೊತ್ತು ತರಲು ಯಾರೂ ಇಲ್ಲ. ಕೆಲಸ ಒಂದು ದಿನದಲ್ಲಿ ಮುಗಿಯುವಂಥದ್ದಲ್ಲ, ಹಾಸಿಗೆ ತಂದುಬಿಡಿ. ರಿಪೇರಿ ಆಗದಿದ್ದರೂ ಚಿಂತೆಯಿಲ್ಲ.

ಬರುವಾಗ ರಸ್ತೆ ನೋಡಿ ದಾಟಿ. ಅಂಗಡಿಯ ಬೀಗ ಎರಡು ಸಲ ಎಳೆದು ನೋಡಿ.

ಇತಿ,
ನಿಮ್ಮ ಮನೆಯವಳು

ಬರೆಯಲು ಮರೆತದ್ದು: ದಾರಿಯಲ್ಲಿ ಗಡ್ಡ ಹೆರೆಯುವ ಸೋಪು ಒಂದು ತನ್ನಿ. ನೀವು ಬಿಟ್ಟುಹೋದದ್ದು ನಿನ್ನೆ ಮುಗಿಯಿತು. ಇಬ್ಬರು ಹೆಂಗಸರೇ ಇರುವ ಮನೆಯಲ್ಲಿ ಅದು ಹೇಗೆ ಮುಗಿಯಿತು ಎಂದು ಕೇಳಬೇಡಿ. ಬೆಳಿಗ್ಗೆ ಬಚ್ಚಲಿನಿಂದ ಆ ನೊರೆಯ ವಾಸನೆ ಬಂದರೇ ಅತ್ತೆ ಹಾಸಿಗೆ ಬಿಟ್ಟು ಏಳುವುದು, ನಾನು ಒಲೆ ಹಚ್ಚುವುದು.