ಪೂವಕ್ಕ ನಂಬದ ತಂತಿ

ದೋಹಾ,
14-11-1996

ಪ್ರೀತಿಯ ರೈಹಾನಾಳಿಗೆ ಸಲಾಂ.

ನಿನ್ನ ಪತ್ರವೂ ಉಪ್ಪಿನಕಾಯಿಯೂ ಒಂದರ ಮೇಲೊಂದು ಸೋರದೆ ತಲುಪಿದವು. ನಾನು ಸೌಖ್ಯ, ಕೆಫೆಟೇರಿಯಾವೂ ಸೌಖ್ಯ. ಈ ಪತ್ರ ಮಾತ್ರ ಪೂವಕ್ಕನ ವಿಷಯ.

ಪುತ್ತೂರು ಕಡೆಯ ಹೆಂಗಸು, ಐನ್ ಖಾಲಿದ್‌ನ ಒಂದು ಮನೆಯಲ್ಲಿ ಅಡುಗೆ. ಶುಕ್ರವಾರ ರಜೆ ಸಿಕ್ಕಿದರೆ ನನ್ನ ಅಂಗಡಿಯ ಹಿಂದಿನ ರೂಮಿಗೆ ಬಂದು, ಅಲ್ಲಿರುವವರಿಗೆ ಮೀನು ಸಾರು ಮಾಡಿ ಬಡಿಸಿ, ಎಲ್ಲರಿಗೂ ಬೈದು ಹೋಗುತ್ತಾರೆ. ನನಗೂ. ಮಾತಿನಲ್ಲಿ ನನ್ನನ್ನು ಸೋಲಿಸಿದವರು ಜಗತ್ತಿನಲ್ಲಿ ಇಬ್ಬರೇ; ಇನ್ನೊಬ್ಬಳು ಈ ಪತ್ರ ಓದುತ್ತಿದ್ದಾಳೆ.

ಕಳೆದ ತಿಂಗಳು ರೂಮಿನ ತನಿಯನಿಗೆ ಊರಿಂದ ತಂತಿ ಬಂತು: ತಾಯಿ ಸೀರಿಯಸ್, ಕೂಡಲೇ ಹೊರಡು. ಅದೇ ವಾರ ಪೊಡಿಯಬ್ಬನಿಗೂ ಅದೇ ಒಕ್ಕಣೆ. ಇಲ್ಲಿ ವೀಸಾ ಕೊಟ್ಟ ಕಫೀಲ್ ಸಹಿ ಹಾಕದೆ ದೇಶ ಬಿಡುವಂತಿಲ್ಲ ಎಂದು ನಿನಗೆ ಗೊತ್ತು. ತಾಯಿಯ ತಂತಿಗೆ ಮಾತ್ರ ಎಂಥ ಕಲ್ಲು ಕಫೀಲನೂ ಕರಗುತ್ತಾನೆ. ಅದಕ್ಕೇ ನಮ್ಮವರ ತಾಯಂದಿರು ವರ್ಷಕ್ಕೆರಡು ಸಲ ಸಾಯಲು ಹೊರಡುವುದು! ತನಿಯ ಬಂದು ಆರೇ ತಿಂಗಳು. ಪಾಪ ಎಂದು ನಾವೆಲ್ಲ ಬೆನ್ನು ಸವರಿದೆವು. ಪೂವಕ್ಕ ಸವರಲಿಲ್ಲ.

"ನಿನ್ನ ಅಮ್ಮ ಸತ್ತ ಬೊಜ್ಜದ ಊಟ ನಾನೇ ಉಂಡು ಬಂದಿದ್ದೇನೆ ಮಾರಾಯಾ, ಹೋದ ವರ್ಷ ರಜೆಯಲ್ಲಿ. ಈಗ ಸೀರಿಯಸ್ ಆದ ಅಮ್ಮ ಯಾವುದು?" ಎಂದರು.

ತನಿಯ ಬಾಯಿ ಬಿಟ್ಟ. ಏಜೆಂಟ್ ಸರ್ಫರಾಝ್ ಹೇಳಿಕೊಟ್ಟ ಒಕ್ಕಣೆಯನ್ನು ಊರಿನ ಗೆಳೆಯನೊಬ್ಬ ಹಾಗೆಯೇ ಕಳಿಸಿದ್ದನಂತೆ. ಹೋಗುವುದು ಊರಿಗಲ್ಲ, ಹೈಟಿ ಎಂಬ ದ್ವೀಪಕ್ಕೆ. ಅಲ್ಲಿ ಹೋಟೆಲ್ ಕೆಲಸ, ಆಮೇಲೆ ದೋಣಿ ಹತ್ತಿದರೆ ಅಮೆರಿಕ. ಇದೇ ರೂಮಿನಲ್ಲಿದ್ದ ನಮ್ಮ ಚನಿಯ ನಾಲ್ಕು ತಿಂಗಳ ಹಿಂದೆ ಊರಿಗೆಂದು ಹೊರಟವನು ಹೋದದ್ದೂ ಅಲ್ಲಿಗೇ.

ಮುಂದಿನ ಶುಕ್ರವಾರ ಸರ್ಫರಾಝ್ ಊಟಕ್ಕೆ ಬಂದ. ನಯವಾದ ಮನುಷ್ಯ. ಪೂವಕ್ಕ ಅವನಿಗೆ ದೊಡ್ಡ ತುಂಡು ಬಡಿಸಿ, ಅವನ ಬ್ಯಾಗನ್ನು ಎಳೆದುಕೊಂಡು ಅದರ ಮೇಲೆಯೇ ಕೂತರು. ಚನಿಯನ ಸ್ವರ ಕೇಳಬೇಕು, ಬ್ಯಾರಿಗಳ, ಅಂದರೆ ನನ್ನ, ಅಂಗಡಿಯಲ್ಲಿ ಫೋನ್ ಉಂಟು, ಈಗಲೇ ಮಾಡಿ ಎಂದರು. ಅಲ್ಲಿ ಗಲಾಟೆ, ಲೈನ್ ಮಾಫಿ, ಸಿಗುವುದೇ ಇಲ್ಲ ಎಂದ ಅವನು.

"ಫೋನಿಲ್ಲದ ಊರಲ್ಲಿ ಎಂತದ ಹೋಟೆಲ್? ಗಲಾಟೆಯ ಊರಿಗೆ ಎಂತಕ್ಕೆ ಮಕ್ಕಳನ್ನು ಕಳಿಸುವುದು?"

ಅವನು ಮೀನಿನ ಮುಳ್ಳು ಆರಿಸತೊಡಗಿದ. ನಾನು ನೀರು ಕುಡಿದೆ. ಪೂವಕ್ಕ ಬ್ಯಾಗ್ ತೆರೆದು, ಫೋಟೋ ನೋಡಿ ತನಿಯ, ಪೊಡಿಯಬ್ಬ ಇಬ್ಬರ ಪಾಸ್‌ಪೋರ್ಟನ್ನೂ ತೆಗೆದುಕೊಂಡರು. ಖಲಾಸ್, ಇನ್ನು ಈ ಕಡೆ ಕಂಡರೆ ಸೀದಾ ಪೊಲೀಸ್ ಎಂದರು. ಅಕ್ಷರ ಬಾರದ ಹೆಂಗಸು, ರೈಹಾನಾ. ಇಷ್ಟು ವರ್ಷ ಗಲ್ಲೆಯಲ್ಲಿ ಕೂತು ಮನುಷ್ಯರನ್ನು ಕಣ್ಣಲ್ಲೇ ತೂಗುತ್ತೇನೆ ಎಂದು ಮೆರೆದವನು ನಾನು; ಅವರ ತಕ್ಕಡಿಯೇ ಬೇರೆ.

ಮೊನ್ನೆ ಚನಿಯನ ಪತ್ರ ನನ್ನ ಪೋಸ್ಟ್ ಬಾಕ್ಸಿಗೆ ಬಂತು. ಪೂವಕ್ಕನಿಗೆ ನಾನೇ ಓದಿ ಹೇಳಿದೆ. ಹೋಟೆಲೂ ಇಲ್ಲ, ದೋಣಿಯೂ ಇಲ್ಲ. ಒಂದು ಮನೆಯಲ್ಲಿ ಹನ್ನೊಂದು ಜನರನ್ನು ಹಾಕಿ ಬೀಗ, ಬಾಗಿಲಲ್ಲಿ ಬಂದೂಕು. ಆ ಬಡ ದೇಶದಲ್ಲಿ ಸೈನ್ಯವನ್ನು ವಿಸರ್ಜಿಸಿದ್ದಾರಂತೆ, ಪೊಲೀಸರು ಇನ್ನೂ ಹೊಸಬರು. ಮೊದಲ ಸಲ ಓಡಿದಾಗ ಒಬ್ಬ ಪೊಲೀಸನೇ ಹಿಡಿದು ತಂದು ಒಪ್ಪಿಸಿದನಂತೆ. ಎರಡನೆಯ ಸಲ ಚರ್ಚಿನ ಸಿಸ್ಟರ್ ಒಬ್ಬರು ಒಳಗೆ ಸೇರಿಸಿಕೊಂಡರು. ಈಗ ಅಲ್ಲೇ ಇದ್ದಾನೆ, ಜೀವದಿಂದ. ಕೊನೆಯ ಸಾಲು: "ಇನ್ನು ಯಾರನ್ನೂ ಬಿಡಬೇಡಿ ಪೂವಕ್ಕಾ."

ಪೂವಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಟಿಕೆಟ್ ಯಾರು ತೆಗೆಯುವುದು ಬ್ಯಾರಿಗಳೇ, ನಾನಾ?" ಎಂದು ಜೋರು ಮಾಡಿದರು. ತೆಗೆದೆ. ಬರುವ ವಾರ ಅವನು ಬೊಂಬಾಯಿಗೆ ಇಳಿಯುತ್ತಾನೆ.

ಮಕ್ಕಳಿಗೆ ಮುತ್ತು. ಉಮ್ಮನ ಮೊಣಕಾಲಿಗೆ ಮುಲಾಮು ಕಳಿಸಿದ್ದೇನೆ.

ಎಂದಿಗೂ ನಿನ್ನವನು,
ಮೊಯ್ದಿನ್

ಮರೆತ ಮಾತು: ಉಮ್ಮ ಸೀರಿಯಸ್ ಎಂದು ನನಗೊಂದು ತಂತಿ ಕೊಡಲು ನಿನ್ನ ತಮ್ಮ ಫಾಯಿಝ್‌ಗೆ ಗುಟ್ಟಾಗಿ ಬರೆದಿದ್ದೆ. ಕೊಡಬೇಡ ಎಂದು ಇವತ್ತೇ ಹೇಳು. ಆ ಬ್ಯಾಗಿನಲ್ಲಿದ್ದದ್ದು ಎರಡಲ್ಲ, ಮೂರು ಪಾಸ್‌ಪೋರ್ಟ್. ಎಲ್ಲರೂ ಕೈ ತೊಳೆಯಲು ಎದ್ದಾಗ ಪೂವಕ್ಕ ನನ್ನದನ್ನು ನನ್ನ ಬಟ್ಟಲಿನ ಅಡಿ ಇಟ್ಟು ಹೋದರು. ಅವತ್ತು ಒಂದು ಮಾತೂ ಬೈಯಲಿಲ್ಲ.