ಆ ಲಕೋಟೆ ಒಡೆಯಬೇಡಿ

ಮುಖ್ಯೋಪಾಧ್ಯಾಯಿನಿಯವರಿಗೆ ವಂದನೆಗಳು.

ಮಧ್ಯಾಹ್ನ ಮೂರಕ್ಕೆ ಸ್ಕೂಟರ್ ಸದ್ದಿಗೆ ಎಚ್ಚರವಾಯಿತು. ನನ್ನ ರಾಜೀನಾಮೆ ಹಿಡಿದು ಯಜಮಾನರು ನಿಮ್ಮ ಮನೆಗೆ ಹೊರಟುಬಿಟ್ಟಿದ್ದರು. ಅದು ಬೆಳಿಗ್ಗೆಯ ತೀರ್ಮಾನ, ಮಗುವನ್ನು ನೋಡಿಕೊಳ್ಳಬೇಕಿದ್ದ ಅತ್ತೆಯ ಕಾಲು ಉಳುಕಿದಾಗ ಬರೆದದ್ದು. ಊಟದ ಹೊತ್ತಿಗೆ ಅತ್ತೆಯೇ, “ಕಾಲು ಉಳುಕಿದ್ರೆ ತೊಟ್ಟಿಲು ತೂಗೋಕೆ ಕೈ ಇಲ್ವೇನೇ? ನೀನು ಸ್ಕೂಲಿಗೆ ಹೋಗು” ಅಂದರು. ಸರಿ, ಹೋಗುವುದೆಂದುಕೊಂಡು ಕಣ್ಣು ಮುಚ್ಚಿದೆ. ಯಜಮಾನರಿಗೆ ಹೇಳುವುದನ್ನೇ ಮರೆತೆ. ಈಗ ನೋಡಿದರೆ ಮಗುವಿನ ಮೈ ಸುಡುತ್ತಿದೆ. ಯಾವುದು ಸರಿಯೋ ತಿಳಿಯುತ್ತಿಲ್ಲ.

ದಯವಿಟ್ಟು ಆ ಲಕೋಟೆ ಒಡೆಯಬೇಡಿ. ಈ ಪತ್ರವನ್ನೂ ಅವರೇ ತರುತ್ತಾರೆ, ಗೊಣಗುತ್ತಾ. ಹೆರಿಗೆ ರಜೆ ಇವತ್ತಿಗೆ ಮುಗಿಯಿತು, ನಾಳೆ ಎಂಟಕ್ಕೆ ಹಾಜರಾಗದಿದ್ದರೆ ಕೆಲಸ ಹೋಗುತ್ತದೆಂದು ಗೊತ್ತು. ಒಂದು ವಾರ ರಜೆ ಮುಂದುವರಿಸಲಾದೀತೇ? ನಾನೇ ಫೋನ್ ಮಾಡಿದರೆ ಅತ್ತುಬಿಡುತ್ತೇನೆ. ಬೆಳಗಾಗುವ ಮೊದಲು ನೀವೇ ಮಾಡಿ ಮೇಡಂ, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ಇಂತಿ,
ನಿಮ್ಮ ಗಣಿತದ ಟೀಚರ್